ವೀಣೆಯೊಳಗೆ ಹೋದ ಧ್ವನಿ

"ಇನ್ನೊಂದು ಹಾಕ್ಲಾ?" ಎಂದು ಕುಮುದಾ ಮೂರನೆಯ ಸಲ ಕೇಳಿದಾಗಲೂ ಇಳಾ ಉತ್ತರ ಕೊಡಲಿಲ್ಲ. ತಟ್ಟೆಯಲ್ಲಿದ್ದ ದೋಸೆಯ ಚೂರನ್ನು ಚಟ್ನಿಯಲ್ಲಿ ಹೊರಳಿಸುತ್ತಾ ತಾಯಿಯ ಬಾಯನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಯ ಹಣೆಯಲ್ಲಿ ಎರಡು ಗೆರೆ ಎದ್ದಿದ್ದವು.

"ಅಮ್ಮ, ನನ್ ಜೊತೆ ಠೂ ಬಿಟ್ಟಿದ್ದೀಯಾ?"

"ಯಾಕೇ ಹಾಗಂತೀಯ?"

"ನೋಡು, ಮತ್ತೆ! ಸುಮ್ನೆ ಬಾಯಿ ಆಡಿಸ್ತಿದ್ದೀಯ. ಶ್ರುತಿಪೆಟ್ಟಿಗೆ ಮೇಲೆ ಸ್ಕೆಚ್ ಪೆನ್ನಲ್ಲಿ ಬೆಕ್ಕು ಬರ್ದಿದ್ದು ನಾನೇ. ಅದಕ್ಕೇನಾ? ಒರೆಸ್ತೀನಿ ಬಿಡು."

ಕುಮುದಾ ಕಾವಲಿಯ ಉರಿ ಆರಿಸಿ ಮಗಳ ಬಳಿ ಬಂದಳು. ಕಿವಿಯ ಹಿಂದೆ ಅಂಟಿಕೊಂಡಿದ್ದ ಗುಂಡಿಯಂಥ ಯಂತ್ರವನ್ನು ಮುಟ್ಟಿ ನೋಡಿದಳು. ಹಸಿರು ದೀಪ ಉರಿಯುತ್ತಿತ್ತು. ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ಶ್ರೀವತ್ಸ "ಏನಾಯ್ತು?" ಎಂದ. ಇಳಾ ತಟ್ಟನೆ ಅವನ ಕಡೆ ತಿರುಗಿದಳು. ಅಪ್ಪನ ಮಾತು ಕೇಳಿಸಿತ್ತು. ಕುಕ್ಕರಿನ ಕೂಗೂ, ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದೂ ಕೇಳಿಸಿತ್ತು. ಅಮ್ಮನದು ಮಾತ್ರ ಇಲ್ಲ.

ಇಳಾ ಹುಟ್ಟುವಾಗಲೇ ಕಿವುಡಿ. ಒಂದೂವರೆ ವರ್ಷಕ್ಕೆ ಅವಳ ಒಳಗಿವಿಗೆ ಇಪ್ಪತ್ತೆರಡು ತುದಿಗಳಿರುವ ಒಂದು ಎಳೆಯನ್ನು ಇಳಿಸಿದ್ದರು. ಹೊರಗಿನ ಗುಂಡಿ ಶಬ್ದವನ್ನು ಹಿಡಿಯುತ್ತದೆ. ಅದನ್ನು ಕಂಪನದ ವೇಗಕ್ಕೆ ತಕ್ಕಂತೆ ಇಪ್ಪತ್ತೆರಡು ಪಟ್ಟೆಗಳಾಗಿ ಸೀಳುತ್ತದೆ. ಗಡಸು ಶಬ್ದದ ಪಟ್ಟೆ ಎಳೆಯ ಒಂದು ಕೊನೆಗೆ, ಕೀಚು ಶಬ್ದದ್ದು ಇನ್ನೊಂದು ಕೊನೆಗೆ. ಉಳಿದದ್ದು ಮಿದುಳಿನ ಕೆಲಸ. ಚೂರುಗಳನ್ನು ಹೊಲಿದು ಅದು ಮಾತು ಮಾಡಿಕೊಳ್ಳಬೇಕು. ಮೊದಮೊದಲು ಇಳಾಗೆ ಲೋಕವೆಲ್ಲ ಪಾತ್ರೆ ಬಿದ್ದ ಹಾಗೆ ಕೇಳಿಸುತ್ತಿತ್ತು, ಕಿರುಚಿ ಅಳುತ್ತಿದ್ದಳು. ಕುಮುದಾ ಎರಡು ವರ್ಷ ಕಛೇರಿಗಳನ್ನೆಲ್ಲ ಬಿಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನವಿಡೀ ಮಾತಾಡಿದ್ದಳು. ಒಂದು ಬೆಳಿಗ್ಗೆ "ಕಾಗೆ ಎಲ್ಲಿ?" ಎಂದಾಗ ಮಗು ಕಿಟಕಿಯ ಕಡೆ ಕೈ ತೋರಿಸಿತು. ಆ ಪಾತ್ರೆಗಳ ಗಲಾಟೆಯೊಳಗಿಂದ ಇಳಾ ಮೊದಲು ಹೆಕ್ಕಿಕೊಂಡದ್ದು ತಾಯಿಯ ಧ್ವನಿಯನ್ನು. ಬೇರೆಯವರದೆಲ್ಲ ಆಮೇಲೆ ಬಂತು.

ಆಸ್ಪತ್ರೆಯವರು ಯಂತ್ರ ಸರಿಯಾಗಿದೆ ಎಂದರು. ಹಿಂದಿನ ದಿನ ಅದಕ್ಕೆ ಹಿಡಿಯಬಾರದ ಸದ್ದುಗಳ ಹೊಸ ತಡೆಪಟ್ಟಿ ಬಂದಿದೆ, ಯಾವುದಕ್ಕೂ ನಾದಕೋಶದಲ್ಲಿ ವಿಚಾರಿಸಿ ಎಂದರು.

*

ನಾದಗಳನ್ನು ದಾಖಲಿಸಿಡುವ ನಾದಕೋಶವೆಂಬ ಕಚೇರಿ ಬೇಕೆಂದು ಹಟ ಹಿಡಿದದ್ದು ಸಂಗೀತದವರೇ. ಯಾವುದೇ ಧ್ವನಿಮುದ್ರಣವನ್ನು ಕೂದಲೆಳೆಯಷ್ಟು ಸಣ್ಣ ಪಟ್ಟೆಗಳಾಗಿ ಸೀಳಿ, ಅದರಿಂದ ಒಂದೊಂದು ವಾದ್ಯವನ್ನೂ ಬಿಡಿಸಿ ತೆಗೆಯುವ ವಿದ್ಯೆ ಬಂದ ಮೇಲೆ ವಾದಕರ ಕೈಗಳು ಕಳುವಾಗತೊಡಗಿದ್ದವು. ಸತ್ತ ಪಿಟೀಲುವಾದಕರು ಸೋಪಿನ ಜಾಹೀರಾತಿಗೆ ನುಡಿಸುತ್ತಿದ್ದರು. ಯಾರದೋ ಕೊಳಲು ಲಿಫ್ಟಿನೊಳಗೆ ಮಹಡಿಯ ಸಂಖ್ಯೆ ಹೇಳುತ್ತಿತ್ತು. ವಾದಕರು ಬೀದಿಗಿಳಿದು ಕೂಗಿ ಕಾಯಿದೆ ಮಾಡಿಸಿದರು. ಅದರ ಪ್ರಕಾರ, ಒಂದು ವಾದ್ಯದ ನಾದವನ್ನು ಅರವತ್ನಾಲ್ಕು ಪಟ್ಟೆಗಳಲ್ಲಿ ಮುದ್ರಿಸಿ ಕೋಶಕ್ಕೆ ಕೊಟ್ಟರೆ ಅದರ ಗುರುತು ದಾಖಲಾಗುತ್ತದೆ. ದಾಖಲಾದ ನಾದವನ್ನು ಅನುಮತಿಯಿಲ್ಲದ ಯಾವ ಯಂತ್ರವೂ ನುಡಿಸಕೂಡದು, ಹಿಡಿಯಕೂಡದು. ಕೂಗಿದವರ ಸಾಲಿನಲ್ಲಿ ಕುಮುದಾಳೂ ಇದ್ದಳು.

ಮೂರು ತಿಂಗಳ ಹಿಂದೆ ಅವಳು ತನ್ನ ಗುರು ಜಯಮ್ಮಣ್ಣಿಯವರ ಬಾನಿಯನ್ನು, ಅವರು ನುಡಿಸುತ್ತಿದ್ದ ರೀತಿಯನ್ನು, ದಾಖಲು ಮಾಡಿಸಿದ್ದಳು. ಅವರು ತೀರಿಕೊಂಡು ವರ್ಷವಾಗಿತ್ತು. ಅವರ ಕ್ರಮದಲ್ಲಿ ವೀಣೆ ನುಡಿಸುವವಳಾಗಿ ಮೈಸೂರಿನಲ್ಲಿ, ಮೈಸೂರೇನು, ಭೂಮಿಯ ಮೇಲೆಯೇ ಕುಮುದಾ ಒಬ್ಬಳು ಉಳಿದಿದ್ದಳು.

"ಇಲ್ಲಿ ನೋಡಿ ಮೇಡಂ," ಎಂದು ನಾದಕೋಶದಲ್ಲಿ ಲವೀನಾ ತೆರೆಯ ಮೇಲೆ ಬೆರಳಿಟ್ಟಳು. ಮಂಗಳೂರಿನ ಕಡೆಯ ಹುಡುಗಿ, ಮುದ್ರಣ ಮಾಡಿದವಳು ಅವಳೇ. ತೆರೆಯ ತುಂಬ ಅಡ್ಡಡ್ಡ ಬಣ್ಣದ ಪಟ್ಟೆಗಳು, ಕೈಮಗ್ಗದ ಸೀರೆಯ ಅಂಚಿನ ಹಾಗೆ. "ಕೆಳಗಿನ ಹತ್ತು ಪಟ್ಟೆ ವೀಣೆಯ ಕೊಡದ್ದು, ಮರದ್ದು. ಮೇಲಿನವು ವೀಣೆಯ ಮೆಟ್ಟಿಲಿಗೆ ತಂತಿ ತಾಗುವ ಸದ್ದು, ಉಗುರಿನ ಸದ್ದು. ಇದು ಹನ್ನೊಂದರಿಂದ ಇಪ್ಪತ್ತೊಂಬತ್ತು. ಇದನ್ನು ಮಾತ್ರ ಕೇಳಿಸ್ತೇನೆ."

ಅದರಲ್ಲಿ ವೀಣೆ ಸಣ್ಣಗೆ, ಗೋಡೆಯ ಆಚೆಯಿಂದೆಂಬಂತೆ ಇತ್ತು. ಅದರ ಮುಂದೆ ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ನರಳುತ್ತಿದ್ದಳು. ಭಾರ ಹೊತ್ತು ಮೆಟ್ಟಿಲು ಹತ್ತುವವಳ ಹಾಗೆ. ಆದರೆ ಶ್ರುತಿ ಬಿಡದೆ.

"ಯಾರಿದು?" ಎಂದಳು ಕುಮುದಾ.

"ನೀವೇ ಅಲ್ವಾ ಮೇಡಂ."

ಕುಮುದಾಗೆ ತಾನು ಗುನುಗುತ್ತೇನೆಂಬುದು ಗೊತ್ತೇ ಇರಲಿಲ್ಲ. ಗೊತ್ತಿರಬೇಕಿತ್ತು. ಜಯಮ್ಮಣ್ಣಿ ಪಾಠ ಹೇಳುವಾಗ ಎದುರಿಗೆ ಕೂತು ಶಿಷ್ಯೆಯ ಗಂಟಲ ಮೇಲೆ ಹೆಬ್ಬೆರಳು ಇಡುತ್ತಿದ್ದರು. ತೋಡಿ ರಾಗದ ಗಾಂಧಾರಕ್ಕೆ ತಂತಿ ಎಳೆಯುವ ಮುಂಚೆ ಗಂಟಲು ಅಲ್ಲಿಗೆ ಹೋಗಿ ಬರಬೇಕು. ಹೋಗಲಿಲ್ಲವೋ, ಮಣಿಕಟ್ಟಿನ ಮೇಲೆ ಒಂದು ಏಟು. "ಗಂಟ್ಲು ಸುಮ್ನಿದೆ ನಿಂದು. ಮನಸ್ಸೆಲ್ಲಿಟ್ಟಿದ್ದೀಯೆ, ಸಾರಿನ ಮೇಲಾ?" ಹದಿನೆಂಟು ವರ್ಷ ಹಾಗೆ ಕಲಿತದ್ದು. ಕಛೇರಿಯಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ನಾದಕೋಶದ, ಪ್ರತಿಧ್ವನಿಯೇ ಇಲ್ಲದ ಕಿವುಡು ಕೋಣೆಯಲ್ಲಿ, ಎದೆಯ ಹತ್ತಿರವೇ ತೂಗಿಸಿದ್ದ ಮೈಕುಗಳಿಗೆ ಕೇಳಿಸಿತ್ತು.

"ತಂತಿಯ ಕಂಪನದ ಮೇಲೆಯೇ ಕೂತಿದೆ ನಿಮ್ಮ ಧ್ವನಿ," ಎಂದಳು ಲವೀನಾ. "ಮಷೀನಿಗೆ ಗೊತ್ತಾಗಲಿಲ್ಲ. ಇದೂ ವೀಣೆಯದ್ದೇ ಅಂತ ತಗೊಂಡಿದೆ. ಗುನುಗಿದರೂ ಗಂಟಲು ಅದೇ, ಮಾತಾಡಿದರೂ ಅದೇ ಅಲ್ವಾ? ಹಾಗಾಗಿ ನೀವು ಮಗಳ ಹತ್ತಿರ ಮಾತಾಡಿದರೆ ಅವಳ ಯಂತ್ರ ದಾಖಲಾದ ವೀಣೆ ಅಂತ ತಿಳಿದು ತಡೀತದೆ."

"ನನ್ನ ವೀಣೆಗೆ ನಾನೇ ಅನುಮತಿ ಕೊಡ್ತೀನಲ್ಲ."

"ಸ್ಪೀಕರಿಗೆ, ಫೋನಿಗೆ ಆದರೆ ಅನುಮತಿಪಟ್ಟಿ ಉಂಟು. ಕಿವಿಯ ಯಂತ್ರದಲ್ಲಿ ಅದಕ್ಕೆ ಜಾಗ ಇಲ್ಲ ಮೇಡಂ, ತಡೆಪಟ್ಟಿ ಮಾತ್ರ. ಕಾಯಿದೆ ಮಾಡುವಾಗ ಕಿವಿಯೂ ಒಂದು ಯಂತ್ರ ಆಗಿರ್ತದೆ ಅಂತ ಯಾರಿಗೂ ನೆನಪಾಗಲಿಲ್ಲ ಕಾಣ್ತದೆ."

ದಾರಿ ಎರಡಿದ್ದವು. ದಾಖಲೆಯನ್ನು ರದ್ದು ಮಾಡಿಸುವುದು ಒಂದು. ಸಹಿ ಹಾಕಿದರೆ ನಾಳೆಯೇ ಇಳಾಗೆ ತಾಯಿಯ ಮಾತು ಕೇಳಿಸುತ್ತದೆ. ಆದರೆ ರದ್ದಾದ ನಾದವನ್ನು ಮತ್ತೆ ದಾಖಲಿಸಲು ಬರುವುದಿಲ್ಲ. ಜಯಮ್ಮಣ್ಣಿಯವರ ಕೈ ಅಂದಿನಿಂದ ಬೀದಿಯ ಪಾಲು. ಇನ್ನೊಂದು, ಗುನುಗದೆ ಮತ್ತೆ ನುಡಿಸಿ ಹಳೆಯದರ ಜಾಗದಲ್ಲಿ ಹೊಸದನ್ನು ಇಡುವುದು. ಅದನ್ನು ಒಪ್ಪುವ ಸಮಿತಿ ಸೇರುವುದು ನಾಲ್ಕು ತಿಂಗಳ ಮೇಲೆ.

"ಅಲ್ಲಿವರೆಗೆ ಮಗು?"

ಲವೀನಾ ಒಂದು ಕಪ್ಪು ಕೊರಳಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಅದು ಗಂಟಲಿನ ಚಲನೆಯನ್ನು ಓದಿ, ಅದೇ ಮಾತನ್ನು ಬೇರೊಬ್ಬರ ಧ್ವನಿಯಲ್ಲಿ ಮಗುವಿನ ಯಂತ್ರಕ್ಕೆ ನೇರವಾಗಿ ಕಳಿಸುತ್ತದೆ. ಮಗುವಿಗೆ ಮೊದಲೇ ಪರಿಚಯವಿರುವ ಹೆಂಗಸಿನ ಧ್ವನಿಯಾದರೆ ಒಳ್ಳೆಯದು. ಇಲ್ಲವಾದರೆ ಹೊಸ ಧ್ವನಿಯನ್ನು ಹೊಲಿದುಕೊಳ್ಳಲು ಮಿದುಳಿಗೆ ತಿಂಗಳುಗಟ್ಟಲೆ ಬೇಕು.

"ಮನೆಯಲ್ಲಿ ಯಾರಾದರೂ ಇದ್ದಾರಾ ಮೇಡಂ?"

ಇದ್ದರು.

*

"ರದ್ದು ಮಾಡ್ಸಿ ಬಿಸಾಕು ಅತ್ಲಾಗೆ," ಎಂದ ಶ್ರೀವತ್ಸ. ಔಷಧಿ ಅಂಗಡಿ ನಡೆಸುವ ಅವನಿಗೆ ಯಾವ ಕಾಯಿಲೆಗೂ ಒಂದು ಮಾತ್ರೆ ಸಾಕು. "ಮಗು ಮುಖ್ಯಾನೋ, ಸತ್ತೋದೋರ ಗಮಕ ಮುಖ್ಯಾನೋ?"

"ನಾಲ್ಕೇ ತಿಂಗಳು ರೀ. ಎರಡೂ ಉಳಿಯುತ್ತೆ."

"ನೀನು ಯಾವಾಗ್ಲೂ ಎರಡೂ ಅಂತೀಯ."

ತನಗೆ ಎರಡೂ ಬೇಕೆನ್ನಿಸಿದ್ದರಲ್ಲಿ ತಪ್ಪೇನಿದೆ ಎಂದು ಕುಮುದಾಗೆ ನಿಜವಾಗಿಯೂ ತಿಳಿಯಲಿಲ್ಲ. ಅವನಿಗೆ ಅಂಗಡಿಯೂ ಇತ್ತು, ಮಗಳೂ ಇದ್ದಳು. ಆರಿಸಿಕೋ ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಕೆಳಮನೆಯಲ್ಲಿ ಅವನ ಅಕ್ಕ ವಿನೋದಾ ಇದ್ದಳು. ಹೈಸ್ಕೂಲಿನಲ್ಲಿ ಕನ್ನಡದ ಟೀಚರು, ಗಂಡನನ್ನು ಬಿಟ್ಟು ಬಂದು ಹನ್ನೆರಡು ವರ್ಷ. ಕುಮುದಾ ಕಛೇರಿಗೆ ಹೋದಾಗಲೆಲ್ಲ ಇಳಾ ಬೆಳೆದದ್ದು ಅವಳ ಮಡಿಲಲ್ಲಿ. ಕಡೆಯ ಬೆಂಚಿಗೂ ಮುಟ್ಟುವ ಧ್ವನಿ ಅವಳದು, ಒತ್ತಕ್ಷರವೊಂದೂ ಜಾರುತ್ತಿರಲಿಲ್ಲ.

"ನನ್ ಗಂಟ್ಲು ಕಂಚಿನ ತಟ್ಟೆ ಬಡಿದ ಹಾಗಿದೆ ಅಂದಿದ್ಯಲ್ಲೇ ಕುಮುದಾ," ಎಂದು ವಿನೋದಾ ನಕ್ಕಳು. "ಈಗ ಅದನ್ನೇ ಕೊರಳಿಗೆ ಕಟ್ಕೋತೀಯ."

"ನಾಲ್ಕು ತಿಂಗಳು, ವಿನೋದಕ್ಕ. ಆಮೇಲೆ ವಾಪಸ್ ಕೊಡ್ತೀನಿ."

"ಇಟ್ಕೊಳ್ಳೇ, ನಾನೇನು ಬಡ್ಡಿ ಕೇಳಲ್ಲ."

ಲವೀನಾ ಕಳಿಸಿದ ಎರಡು ಪುಟದ ಮಾತುಗಳನ್ನು ವಿನೋದಾ ಪಾಠ ಓದುವ ಹಾಗೆ ಓದಿ ಮುಗಿಸಿದಳು. ಮಾರನೆಯ ದಿನ ಕುಮುದಾ ಕೊರಳಪಟ್ಟಿ ಕಟ್ಟಿಕೊಂಡು "ಇಳಾ" ಎಂದಳು. ಅವಳ ಕಿವಿಗೆ ಬಂದದ್ದು ಅವಳದೇ ಧ್ವನಿ. ಇಳಾ ಮಾತ್ರ ಬೆಚ್ಚಿ ಹಿಂತಿರುಗಿ ನೋಡಿ, ಅತ್ತೆ ಇಲ್ಲದ್ದು ಕಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಮ್ಮನ ಬಾಯಲ್ಲಿ ಅತ್ತೆ! ಇನ್ನೊಂದ್ಸಲ, ಇನ್ನೊಂದ್ಸಲ ಹೇಳು!"

ತಾನು ಹೇಗೆ ಕೇಳಿಸುತ್ತೇನೆಂಬುದು ಕುಮುದಾಗೆ ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿಸಲಿಲ್ಲ. ಮಗಳ ಮುಖದಲ್ಲಿ ಮಾತ್ರ ಕಾಣುತ್ತಿತ್ತು.

*

ಗುನುಗದೆ ನುಡಿಸುವುದನ್ನು ಕಲಿಯಬೇಕಿತ್ತು. ಮೊದಲ ವಾರ ಬಾಯಲ್ಲಿ ನೀರು ತುಂಬಿಕೊಂಡು ಕೂತಳು. ವರ್ಣದ ಎರಡನೆಯ ಸಾಲಿಗೆ ನೀರು ಗಂಟಲಿಗಿಳಿದು ಕೆಮ್ಮು ಬಂದು ವೀಣೆಯ ಮೇಲೆಲ್ಲ ಚೆಲ್ಲಿತು. ಆಮೇಲೆ ಹಲ್ಲಿನ ನಡುವೆ ಲವಂಗ ಇಟ್ಟು ನೋಡಿದಳು. ನಾಲಗೆ ಸುಮ್ಮನಿತ್ತು, ಗಂಟಲು ಇರಲಿಲ್ಲ. ಗಂಟಲನ್ನು ಬಲವಂತವಾಗಿ ಬಿಗಿಹಿಡಿದರೆ ಎಡಗೈ ನಿಂತುಬಿಡುತ್ತಿತ್ತು. ಬೆರಳು ತಂತಿಯ ಮೇಲಿರುತ್ತಿತ್ತು, ಎಷ್ಟು ಎಳೆಯಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ನಲವತ್ತರ ಹೆಂಗಸು ಸರಳೆವರಸೆಯ ಮಗುವಿನಂತೆ ಸ್ವರ ತಡಕುತ್ತಿದ್ದಳು.

ವಾರಕ್ಕೊಮ್ಮೆ ನಾದಕೋಶದಲ್ಲಿ ಪರೀಕ್ಷೆ. ಗಾಜಿನ ಆಚೆಯಿಂದ ಲವೀನಾ ತಲೆಯಾಡಿಸುತ್ತಿದ್ದಳು. "ಇನ್ನೂ ಉಂಟು ಮೇಡಂ. ಹದಿನೇಳನೇ ಪಟ್ಟೆಯಲ್ಲಿ ಸ್ವಲ್ಪ. ಗಾಂಧಾರ ಬಂದಾಗೆಲ್ಲ ನೀವು ಬರ್ತೀರಿ." ಎರಡು ತಿಂಗಳಾದರೂ ಅದೇ ಮಾತು.

ಮನೆಯಲ್ಲಿ ಇಳಾ ಬದಲಾಗುತ್ತಿದ್ದಳು. ಕೊರಳಪಟ್ಟಿಯ ಚಾರ್ಜು ಸಂಜೆಗೆ ಮುಗಿಯುತ್ತಿತ್ತು. ಆಮೇಲೆ ತಾಯಿಯೊಡನೆ ಮಾತಿಲ್ಲ. ಕೆಳಗೆ ಹೋದರೆ ಅತ್ತೆ ಇದ್ದಳು, ಅವಳ ಧ್ವನಿ ಅವಳ ಬಾಯಿಂದಲೇ ಬರುತ್ತಿತ್ತು. ಮೊದಲು ಕಥೆ ಕೇಳಲು ಹೋದಳು, ಆಮೇಲೆ ಊಟಕ್ಕೂ ಅಲ್ಲೇ ನಿಂತಳು, ಆಮೇಲೆ ಅಲ್ಲೇ ಮಲಗಿದಳು. ಕುಮುದಾ ದಿಂಬು ಕೊಡಲು ಹೋದಾಗ ವಿನೋದಾ ಬಾಗಿಲಲ್ಲಿ ನಿಂತು ಹೇಳಿದಳು: "ನೀನು ಆರಾಮಾಗಿ ಪ್ರಾಕ್ಟೀಸ್ ಮಾಡ್ಕೊ. ಇವಳಿಗೆ ನಾನಿದ್ದೀನಿ."

ಒಳ್ಳೆಯ ಮಾತೇ. ಆದರೆ ಹೆಂಗಸರಿಗೆ ಮಾತಿನ ಒಳಗಿನ ಮುಳ್ಳು ಬೇಗ ಕೈಗೆ ಸಿಗುತ್ತದೆ. ಮುಳ್ಳು ಇರದಿದ್ದರೂ ಸಿಗುತ್ತದೆ. ತಾನು ಹಡೆದದ್ದಕ್ಕೆ ಇವಳು ಹೆಸರಿಡುತ್ತಿದ್ದಾಳೆ ಎಂದು ಕುಮುದಾಗೆ ಅನ್ನಿಸಿತು. ಎರಡು ವರ್ಷ ಬಾಯಿ ಒಣಗುವ ತನಕ ಮಾತಾಡಿ ತಾನು ತೆರೆದ ಬಾಗಿಲಲ್ಲಿ ಈಗ ಇವಳು ಓಡಾಡುತ್ತಿದ್ದಾಳೆ.

ಮೂರನೆಯ ತಿಂಗಳ ಒಂದು ಮಧ್ಯಾಹ್ನ, ಜಡೆ ಹಾಕಿಸಿಕೊಳ್ಳುತ್ತಿದ್ದ ಇಳಾ ಕೇಳಿದಳು: "ಅಮ್ಮ, ಎಲ್ಲ ಸರಿ ಆದ್ಮೇಲೂ ಇದೇ ಧ್ವನಿ ಇಟ್ಕೋಬಹುದಾ?"

ಕುಮುದಾಳ ಕೈಯಲ್ಲಿ ಬಾಚಣಿಗೆ ನಿಂತಿತು. "ಯಾಕೆ, ನಂದು ಬೇಡ್ವಾ?"

"ನಿಂದು ಹೇಗಿತ್ತು ಅಂತಾನೇ ಸರಿಯಾಗಿ ನೆನಪಾಗ್ತಿಲ್ಲ. ಇದು ಚೆನ್ನಾಗಿದೆ. ಎಲ್ಲ ಅಕ್ಷರ ಕೇಳ್ಸುತ್ತೆ."

ಕುಮುದಾ ಜಡೆಯನ್ನು ಬಿಗಿಯಾಗಿ ಹೆಣೆದಳು. "ಆ... ನೋವಾಗುತ್ತೆ," ಎಂದು ಇಳಾ ಕಿರುಚಿದ ಮೇಲೂ ಸಡಿಲಿಸಲಿಲ್ಲ.

*

ಮರುದಿನ ಭಾನುವಾರ. ಅವರೆಕಾಯಿಯ ಕಾಲ. ಶ್ರೀವತ್ಸ ಅಂಗಡಿಗೆ ಹೋಗಿದ್ದ. ಕೆಳಗೆ ವಿನೋದಾ ನೆನೆಸಿದ ಕಾಳಿನ ಬೋಗುಣಿ ಇಟ್ಟುಕೊಂಡು ಇಳಾಗೆ ಹಿದುಕುವುದನ್ನು ಕಲಿಸುತ್ತಿದ್ದಳು. ಸಿಪ್ಪೆಯಿಂದ ಚಿಮ್ಮಿದ ಕಾಳು ಎಲ್ಲೆಲ್ಲೋ ಹಾರಿ ಬೀಳುತ್ತಿರಬೇಕು, ಇಬ್ಬರೂ ಕೇಕೆ ಹಾಕಿ ನಗುತ್ತಿದ್ದರು. ಮಹಡಿಯ ಮೇಲೆ ಕುಮುದಾ ವೀಣೆಯ ಮುಂದೆ ಬಾಯಿ ಬಿಗಿದುಕೊಂಡು ಕೂತಿದ್ದಳು. ತೋಡಿ ಹತ್ತಿರ ಬರುತ್ತಿರಲಿಲ್ಲ. ಕೆಳಗಿನಿಂದ ಇಳಾಳ ಮಾತು ಸ್ಪಷ್ಟವಾಗಿ ಕೇಳಿಸಿತು: "ಅತ್ತೆ, ನಾನು ನಿಮ್ ಹೊಟ್ಟೇಲೇ ಹುಟ್ಬೇಕಿತ್ತು ಅಲ್ವಾ?"

ವಿನೋದಾ ಏನೋ ಅಂದಳು, ಮತ್ತೆ ನಗು. ಆಮೇಲೆ ಕಿಟಕಿಯಿಂದ ನೋಡಿದರೆ ವಿನೋದಾ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋಗುತ್ತಿದ್ದಳು. ಇಳಾ ಒಳಗೆ ಒಬ್ಬಳೇ ಇದ್ದಳು.

ಕೊರಳಪಟ್ಟಿಯ ಮಾತು ಮನೆಯ ಯಾವ ಮೂಲೆಗೂ ಮುಟ್ಟುತ್ತಿತ್ತು. ಊಟಕ್ಕೆ ಬಾ ಎನ್ನಲು ಕುಮುದಾ ದಿನವೂ ಮೇಲಿನಿಂದಲೇ ಪಿಸುಗುಟ್ಟುತ್ತಿದ್ದಳು. ಈಗ ಬೆರಳಿನಿಂದ ಪಟ್ಟಿಯನ್ನು ಗಂಟಲಿಗೆ ಒತ್ತಿಕೊಂಡಳು. ವಿನೋದಾ ಮಾತಾಡುವ ಹಾಗೆ, ಒಂದೊಂದು ಅಕ್ಷರವನ್ನೂ ಕಡೆಯ ಬೆಂಚಿಗೆ ಮುಟ್ಟಿಸುವ ಹಾಗೆ, ಪಿಸುಗುಟ್ಟಿದಳು:

"ಥೂ, ಈ ಕಿವುಡಿ ಯಾಕಾದ್ರೂ ಹುಟ್ಟಿತೋ. ಇದರ ಕಿವಿಗೆ ತಂತಿ ತುರುಕಿಸೋ ಬದಲು ಆವತ್ತೇ ಎಲ್ಲಾದ್ರೂ ಬಿಟ್ಟು ಬಂದಿದ್ರೆ ಪೀಡೆ ಕಳೀತಿತ್ತು."

ಕೆಳಗೆ ಬೋಗುಣಿಯ ಸದ್ದು ನಿಂತಿತು.

ಕುಮುದಾ ಪಟ್ಟಿಯಿಂದ ಕೈ ತೆಗೆದಳು. ವಿನೋದಾಳ ಬಾಯಿಗೆ ಹೊಂದುವಂಥ ಮಾತು ಕಟ್ಟಬೇಕೆಂದುಕೊಂಡಿದ್ದಳು, ಆದರೆ ಕಟ್ಟುವ ಕೆಲಸವೇ ಬೀಳಲಿಲ್ಲ. ಮಾತು ಸಿದ್ಧವಾಗಿ ಒಳಗೇ ಇತ್ತು. ಎಂಟು ತಿಂಗಳ ಮಗುವನ್ನು ಪರೀಕ್ಷೆ ಮಾಡಿಸಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ, ಮುಂದಿನ ವಾರದ ಕಛೇರಿಯನ್ನು ಬೇಡವೆನ್ನಬೇಕಲ್ಲ ಎಂಬ ಯೋಚನೆಯ ಬೆನ್ನಿಗೇ ಎಲ್ಲಾದರೂ ಬಿಟ್ಟುಬಿಡುವ ಈ ಮಾತು ಒಮ್ಮೆ, ಒಂದೇ ಒಂದು ಸಲ, ಅವಳೊಳಗೆ ಹಾದುಹೋಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಅದು ಎಲ್ಲಿಗೂ ಹೋಗಿರಲಿಲ್ಲ.

ಎರಡು ನಿಮಿಷದಲ್ಲಿ ಇಳಾ ಮೆಟ್ಟಿಲು ಹತ್ತಿ ಬಂದಳು. ಬೆರಳುಗಳಲ್ಲಿ ಅವರೆಯ ಸಿಪ್ಪೆ ಅಂಟಿತ್ತು. ಅಳುತ್ತಿರಲಿಲ್ಲ. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ಅವಳ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಳು.

"ಯಾಕೆ ಬಂದ್ಬಿಟ್ಟೆ ಕಂದ?"

"ಸುಮ್ನೆ. ನಿನ್ ಹತ್ರ ಇರ್ತೀನಿ."

ಕುಮುದಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಗೆದ್ದೆ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಗೆದ್ದೆ ಎಂಬುದೇ ಹೆಚ್ಚು ಹೊತ್ತು ಉಳಿಯಿತು.

*

ಇಳಾ ಮತ್ತೆ ಕೆಳಗೆ ಹೋಗಲಿಲ್ಲ. ವಿನೋದಾ ಹಿದುಕಿದವರೆಯ ಸಾರು ತಂದರೆ ತಾಯಿಯ ಸೆರಗಿನ ಹಿಂದೆ ನಿಂತಳು. "ಬಾರೇ, ಕಥೆ ಅರ್ಧಕ್ಕೆ ನಿಂತಿದೆ" ಎಂದರೆ "ಹೋಮ್‌ವರ್ಕ್ ಇದೆ ಅತ್ತೆ" ಎಂದಳು. ಮೊದಲು ವಿನೋದಾ ತಮಾಷೆ ಮಾಡಿದಳು, ಆಮೇಲೆ ಚಾಕೊಲೇಟು ತಂದಳು, ಆಮೇಲೆ ತರುವುದನ್ನು ನಿಲ್ಲಿಸಿದಳು. ಒಂದು ದಿನ ಅಡುಗೆಮನೆಗೆ ಬಂದು, ಸ್ಟವ್ವಿನ ಕಡೆ ನೋಡುತ್ತಾ ಕೇಳಿದಳು:

"ನಾನೇನಾದ್ರೂ ಅಂದ್ನೇನೇ ಕುಮುದಾ? ಟೀಚರ್ ಬಾಯಿ ನೋಡು, ಎಲ್ಲಾದ್ರೂ ಗದರಿದ್ನೋ ಏನೋ. ನಿನ್ ಹತ್ರ ಏನಾದ್ರೂ ಹೇಳಿದ್ಲಾ?"

"ಮಕ್ಕಳು, ವಿನೋದಕ್ಕ," ಎಂದಳು ಕುಮುದಾ, ಒಗ್ಗರಣೆಗೆ ಸಾಸಿವೆ ಹಾಕುತ್ತಾ. "ಇವತ್ತು ಒಂದು, ನಾಳೆ ಒಂದು. ನೀವು ಮನಸ್ಸಿಗೆ ಹಚ್ಕೋಬೇಡಿ."

ವಿನೋದಾ ನಂಜನಗೂಡಿನ ಶಾಲೆಗೆ ವರ್ಗ ಕೇಳಿಕೊಂಡಳು. ಹೋಗುವ ದಿನ ಬೀಗದ ಕೈ ಕೊಡಲು ಮೇಲೆ ಬಂದವಳು ಇಳಾಳ ತಲೆ ಸವರಲು ಕೈ ಚಾಚಿ, ಹುಡುಗಿ ತಾಯಿಯ ಕಡೆ ನೋಡಿದ್ದನ್ನು ಕಂಡು, ಕೈ ಹಿಂದೆಗೆದುಕೊಂಡಳು.

ಕುಮುದಾಳ ಗಂಟಲು ಆ ಭಾನುವಾರದಿಂದ ಸುಮ್ಮನಾಗಿತ್ತು. ಲವಂಗ ಬೇಕಾಗಲಿಲ್ಲ, ನೀರು ಬೇಕಾಗಲಿಲ್ಲ. ಬೆರಳು ತಾನಾಗಿ ಹೋಗಿ ತಂತಿಯನ್ನು ಎಳೆದು ಬರುತ್ತಿತ್ತು. ಸಮಿತಿಗಾಗಿ ಹೊಸ ಮುದ್ರಣ ಮಾಡುವ ದಿನ ಅವಳು ಕಿವುಡು ಕೋಣೆಯಲ್ಲಿ ನಲವತ್ತು ನಿಮಿಷ ತೋಡಿ ನುಡಿಸಿದಳು. ಮುಗಿದಾಗ ಲವೀನಾ ಗಾಜಿನ ಆಚೆ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಳು.

"ಕ್ಲೀನ್ ಮೇಡಂ, ಪೂರ್ತಿ ಕ್ಲೀನ್! ಹನ್ನೊಂದರಿಂದ ಇಪ್ಪತ್ತೊಂಬತ್ತು ಕೇಳಿ. ತಂತಿ ಬಿಟ್ಟರೆ ಯಾರೂ ಇಲ್ಲ."

ಯಾರೂ ಇರಲಿಲ್ಲ. ಗಾಂಧಾರ ಒಂದು ಕೂದಲಿನಷ್ಟು ಕೆಳಗೇ ನಿಂತಿತ್ತು. ಅದು ಗೊತ್ತಾಗುವವರು ಲೋಕದಲ್ಲಿ ಇಬ್ಬರೇ, ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಕುಮುದಾ ಸಹಿ ಹಾಕಿದಳು. ಜಯಮ್ಮಣ್ಣಿಯವರ ಬಾನಿ ಹಾಗೆ, ಅಷ್ಟು ಕೆಳಗೆ, ಶಾಶ್ವತವಾಗಿ ದಾಖಲಾಯಿತು.

*

ಹೊಸ ತಡೆಪಟ್ಟಿ ಶುಕ್ರವಾರ ಬಂತು. ಸ್ಕೂಲಿನಿಂದ ಬಂದ ಇಳಾ ಮಹಡಿಯ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಕುಮುದಾ ಕೊರಳಪಟ್ಟಿ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟಳು. ಕತ್ತಿನ ಸುತ್ತ ಒಂದು ಬಿಳಿಚಿದ ಗೆರೆ ಉಳಿದಿತ್ತು.

"ಇಳಾ," ಎಂದಳು.

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ಕಣ್ಣು ಅಗಲವಾದವು. "ಅಮ್ಮಾ! ನಿಂದು! ಇದೇ, ಇದೇ ಇತ್ತು ನಿಂದು. ಈಗ ನೆನಪಾಯ್ತು. ಇನ್ನೂ ಏನಾದ್ರೂ ಮಾತಾಡು."

ಕುಮುದಾ ಮಾತಾಡಿದಳು. ಬಾಯಿಗೆ ಬಂದದ್ದೆಲ್ಲ ಆಡಿದಳು. ತರಕಾರಿಗಳ ಹೆಸರು, ಬೀದಿಗಳ ಹೆಸರು, ಇಳಾ ಮಗುವಾಗಿದ್ದಾಗ ಮಣ್ಣು ತಿಂದ ಕಥೆ. ಇಳಾ ಕಣ್ಣು ಮುಚ್ಚಿಕೊಂಡು ಕೇಳಿದಳು, ನಕ್ಕಳು, "ನೀನು ರಕಾರ ಹೀಗೆ ಉರುಳಿಸ್ತೀಯಲ್ಲ, ಅದು ಪಟ್ಟೀಲಿ ಬರ್ತಿರ್ಲಿಲ್ಲ" ಎಂದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಕುಮುದಾಗೆ ಅಳು ಬಂತು, ಅದನ್ನು ತಡೆಯಲಿಲ್ಲ.

ಆಮೇಲೆ ಇಳಾ ಕಣ್ಣು ತೆರೆದಳು. ಬಾಳೆಹಣ್ಣಿನ ಸಿಪ್ಪೆಯನ್ನು ನೀಟಾಗಿ ಮಡಿಸಿ ಕಟ್ಟೆಯ ಮೇಲಿಟ್ಟಳು.

"ಅಮ್ಮ, ಅವರೆಕಾಳಿನ ದಿನ ಅಂದ್ಯಲ್ಲ, ಅದನ್ನ ಈಗ ಹೇಳು."

"ಯಾವ್ದು?"

"ನಾನು ಕೆಳಗಿದ್ದಾಗ ಅಂದಿದ್ದು."

"ನಾನೇನಂದೆ? ನಾನು ಮೇಲೆ ವೀಣೆ ನುಡಿಸ್ತಿದ್ದೆ." ತನ್ನ ಧ್ವನಿ ತೆಳ್ಳಗಾದದ್ದು ಕುಮುದಾಗೇ ಕೇಳಿಸಿತು. "ಅತ್ತೆ ಏನಾದ್ರೂ..."

"ಅತ್ತೆ ಅಲ್ಲ." ಇಳಾ ತಾಳ್ಮೆಯಿಂದ ವಿವರಿಸಿದಳು. "ಅತ್ತೆ ಮಾತಾಡಿದ್ರೆ ಜೊತೇಲಿ ಮನೇನೂ ಕೇಳ್ಸುತ್ತೆ. ಫ್ಯಾನು, ಗೋಡೆ, ಬಾಗಿಲು, ಎಲ್ಲ. ಪಟ್ಟಿಯಿಂದ ಬಂದ್ರೆ ಬರೀ ಮಾತು. ಸುತ್ತ ಏನೂ ಇರಲ್ಲ. ಆವತ್ತು ಸುತ್ತ ಏನೂ ಇರ್ಲಿಲ್ಲ."

ಕೆಳಗೆ ಖಾಲಿ ಮನೆಯ ಬೀಗ ಹಾಕಿದ ಬಾಗಿಲ ಮುಂದೆ ಹಾಲಿನವನು ಸೈಕಲ್ ತಿರುಗಿಸಿಕೊಂಡು ಹೋದ.

"ಗೊತ್ತಿದ್ದೂ... ಅತ್ತೆ ಹತ್ರ ಯಾಕೆ ಹೋಗ್ಲಿಲ್ಲ ನೀನು?"

"ಹೋದ್ರೆ ನೀನು ಮತ್ತೆ ಅಂತೀಯಲ್ಲ. ಅದಕ್ಕೇ ನಿನ್ ಹತ್ರಾನೇ ಕೂತ್ಕೊಂಡೆ."

"ಕಂದ, ಅದು ಸುಳ್ಳು. ಏನೋ ಕೋಪಕ್ಕೆ..."

"ಅದೇ ನೋಡ್ಬೇಕು ನಂಗೆ," ಎಂದಳು ಇಳಾ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕ ತಾಳೆ ನೋಡುವ ಮಗುವಿನ ಗಮನವಿತ್ತು. "ಪಟ್ಟೀಲಿ ಎಲ್ಲ ಒಂದೇ ಥರ ಬರುತ್ತೆ, ನಿಜ ಯಾವ್ದು ಸುಳ್ಳು ಯಾವ್ದು ಗೊತ್ತಾಗ್ತಿರ್ಲಿಲ್ಲ. ನಿನ್ ಧ್ವನೀಲಿ ಆದ್ರೆ ನಂಗೆ ಗೊತ್ತಾಗುತ್ತೆ. ಯಾವಾಗ್ಲೂ ಗೊತ್ತಾಗುತ್ತೆ. ಹೇಳು."

ಕುಮುದಾ ಮಡಿಸಿಟ್ಟ ಕೊರಳಪಟ್ಟಿಯನ್ನು ಇನ್ನೊಂದು ಸಲ ಮಡಿಸಿದಳು.

"ಮರ್ತ್ಹೋಯ್ತಾ? ನಾನು ಹೇಳ್ಕೊಡ್ತೀನಿ, ನನ್ ಹಿಂದೆ ಹೇಳು," ಎಂದು ಇಳಾ ತಾಯಿಯ ಮುಖಕ್ಕೆ ನೇರವಾಗಿ ತಿರುಗಿ ಕೂತು, ಒಂದೊಂದೇ ಮಾತಾಗಿ, ಅಕ್ಷರ ಬಿಡದೆ ಶುರುಮಾಡಿದಳು: "ಥೂ... ಈ ಕಿವುಡಿ... ಯಾಕಾದ್ರೂ..."

ಕುಮುದಾ ಕೈಚಾಚಿ ಮಗಳ ಬಾಯಿ ಮುಚ್ಚಿದಳು. ಬಲವಾಗಿಯೇ ಮುಚ್ಚಿದಳು. ಇಳಾ ಕೈಯನ್ನು ತಳ್ಳಲಿಲ್ಲ, ಕಣ್ಣನ್ನೂ ಕದಲಿಸಲಿಲ್ಲ. ಅಂಗೈಯ ಕೆಳಗೆ ಆ ಪುಟ್ಟ ತುಟಿಗಳು ಕೊನೆಯ ಅಕ್ಷರದವರೆಗೂ ಹೇಳಿ ಮುಗಿಸಿದವು.